ಬೋಟಿನ ಡೀಸೆಲ್ ಹೀಟರ್‌ಗೆ ಎಕ್ಸಾಸ್ಟ್ ಪೈಪ್ ಹಾಕುವುದು ಹೇಗೆ

ಡೀಸೆಲ್ ಉರಿಸಿ ಕ್ಯಾಬಿನ್ ಬಿಸಿ ಮಾಡುವ ಹೀಟರ್‌ನ ಬಾಕ್ಸ್ ತೆರೆದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಹೀಟರ್ ಮೇಲೆ. ಆಮೇಲೆ ಡಿಸ್‌ಪ್ಲೇ, ರಿಮೋಟ್ ಇತ್ಯಾದಿ. ಮೂಲೆಯಲ್ಲಿ ಸುರುಳಿ ಸುತ್ತಿ ತುರುಕಿರುವ ಸುಕ್ಕುಸುಕ್ಕಾದ ಲೋಹದ ಪೈಪನ್ನು, ಅಂದರೆ ಹೊಗೆ ಹೊರಹಾಕುವ ಎಕ್ಸಾಸ್ಟನ್ನು, ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಬೋಟಿನಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಆ ಪೈಪಿನ ಬಗ್ಗೆಯೇ.

ಈ ಥರದ ಹೀಟರ್‌ಗಳು ಹೆಚ್ಚಾಗಿ ಲಾರಿ, ವ್ಯಾನ್‌ಗಳಿಗೆಂದೇ ತಯಾರಾಗುತ್ತವೆ. ಗಾಡಿಯಲ್ಲಿ ಹೀಟರನ್ನು ನೆಲದ ಮೇಲೆ ಕೂರಿಸಿ, ಎಕ್ಸಾಸ್ಟನ್ನು ನೆಲದ ತೂತಿನಿಂದ ಕೆಳಗಿಳಿಸುತ್ತಾರೆ. ಪೈಪು ಪೂರ್ತಿ ಗಾಡಿಯ ಹೊರಗೇ ಇರುತ್ತದೆ. ಒಂದು ಜಾಯಿಂಟ್ ಸ್ವಲ್ಪ ಸೋರಿದರೂ ಹೊಗೆ ರಸ್ತೆ ಪಾಲು. ಬೋಟಿನಲ್ಲಿ ನೆಲದ ಕೆಳಗೆ ನೀರಿದೆ. ಹಾಗಾಗಿ ಪೈಪು, ಸೈಲೆನ್ಸರ್, ಜಾಯಿಂಟ್‌ಗಳು ಎಲ್ಲವೂ ಬೋಟಿನ ಒಳಗೇ, ಎಷ್ಟೋ ಸಲ ಮಲಗುವ ಹಾಸಿಗೆಯ ಪಕ್ಕದ, ಸಾಮಾನಿಡುವ ಲಾಕರ್‌ನಲ್ಲೇ ಹಾದು ಹೋಗಬೇಕು. ಸೋರಿದರೆ ಒಳಗೇ ಸೋರುತ್ತದೆ. ಮುಂದೆ ಹೇಳುವ ಪ್ರತಿ ಹೆಜ್ಜೆಗೂ ಇದೇ ಕಾರಣ.

ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇವೇ ಮೊದಲ ಲಕ್ಷಣಗಳು. ಬೋಟಿನಲ್ಲಿರುವವರು ಇದನ್ನು ಅಲೆಯ ಕಾಟ ಎಂದುಕೊಂಡು ಸುಮ್ನೆ ಮಲಗಿಬಿಡುವ ಸಾಧ್ಯತೆಯೇ ಜಾಸ್ತಿ. ಅದಕ್ಕೇ ಬೋಟಿನಲ್ಲಿ ಇದು ಮನೆಗಿಂತ ಒಂದು ಕೈ ಹೆಚ್ಚು ಅಪಾಯ.

ಕಿಟ್‌ನಲ್ಲಿ ಬಂದದ್ದರಲ್ಲಿ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು

ಗಾಡಿಗೆಂದು ಮಾಡಿದ ಅಗ್ಗದ ಕಿಟ್ ಆಗಿದ್ದರೆ ಅದರಲ್ಲಿನ ಎಕ್ಸಾಸ್ಟ್ ಸಾಮಾನನ್ನು ಬೋಟಿಗೆ ಬಳಸಬೇಡಿ. ಇದು ನನ್ನ ಖಚಿತ ಅಭಿಪ್ರಾಯ. ಪೈಪನ್ನು ಕೈಯಲ್ಲಿ ಹಿಡಿದು ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ತುದಿಯಿಂದ ಜೋರಾಗಿ ಊದಿ ನೋಡಿ. ತೆಳು ಪಟ್ಟಿಯನ್ನು ಸುರುಳಿಯಾಗಿ ಸುತ್ತಿ, ಅಂಚಿಗೆ ಅಂಚು ಸಿಕ್ಕಿಸಿ ಮಾಡಿದ ಪೈಪಾದರೆ ಗಾಳಿ ಮಧ್ಯದಲ್ಲೇ ಎಲ್ಲೋ ನುಸುಳಿ ಹೋಗುವುದು ಗೊತ್ತಾಗುತ್ತದೆ. ಗಾಡಿಯ ಕೆಳಗೆ ಅದು ನಡೆಯುತ್ತದೆ, ಬೋಟಿನ ಲಾಕರ್‌ನಲ್ಲಿ ನಡೆಯುವುದಿಲ್ಲ. ಕಿಟ್‌ನ ಸೈಲೆನ್ಸರ್ ಕೂಡ ಸಾಮಾನ್ಯವಾಗಿ ಎರಡು ತಗಡನ್ನು ಅಂಚು ಮಡಿಚಿ ಕೂಡಿಸಿದ್ದು. ಆ ಅಂಚಿನಲ್ಲಿ ಸೋರುತ್ತದೆ. ಸಾಲದು ಎಂದು ನೀರು ಬಸಿಯಲಿ ಅಂತ ಎಷ್ಟೋ ಸೈಲೆನ್ಸರ್‌ಗಳ ತಳದಲ್ಲಿ ಸಣ್ಣ ತೂತನ್ನೂ ಬಿಟ್ಟಿರುತ್ತಾರೆ.

ಬೇಕಾಗಿರುವುದು ಬೋಟಿಗೆಂದೇ ಮಾರುವ, ಗ್ಯಾಸ್ ಸೋರದ ಸ್ಟೇನ್‌ಲೆಸ್ ಸ್ಟೀಲ್ ಪೈಪು. ಉಪ್ಪುನೀರಿನ ಹತ್ತಿರ 316 ದರ್ಜೆಯದು ಸಿಕ್ಕರೆ ಒಳ್ಳೆಯದು. ಎರಡು ಪದರದ ಪೈಪು ಇನ್ನೂ ಉತ್ತಮ. ಸೈಲೆನ್ಸರ್ ಹಾಕುವುದಾದರೆ ಪೂರ್ತಿ ವೆಲ್ಡ್ ಮಾಡಿದ್ದೇ ಆಗಬೇಕು, ಎಲ್ಲೂ ತೂತು ಇರಬಾರದು. ಇವುಗಳ ಜೊತೆಗೆ ಹೊರಗೋಡೆಯಲ್ಲಿ ಕೂರಿಸುವ ಸ್ಕಿನ್ ಫಿಟ್ಟಿಂಗ್, ಸ್ಟೇನ್‌ಲೆಸ್ ಬ್ಯಾಂಡ್ ಕ್ಲಾಂಪ್‌ಗಳು, ಬಿಸಿ ಹೊರಗೆ ತಾಗದಂತೆ ಪೈಪಿಗೆ ತೊಡಿಸುವ ಲ್ಯಾಗಿಂಗ್ ಚೀಲ, ಎಕ್ಸಾಸ್ಟ್ ಪೇಸ್ಟ್, ಬಿಸಿ ತಡೆಯುವ ಸಿಲಿಕೋನ್, ನೀರು ಬಸಿಯುವ ಒಂದು ಡ್ರೇನ್ ಫಿಟ್ಟಿಂಗ್.

ಕೊಳ್ಳುವ ಮೊದಲು ಹೀಟರ್‌ನ ಎಕ್ಸಾಸ್ಟ್ ಬಾಯಿಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 2 ಕಿಲೋವ್ಯಾಟ್‌ನ ಸಣ್ಣ ಹೀಟರ್‌ಗಳಲ್ಲಿ ಕೆಲವು ಕಂಪನಿಯವು 22 ಮಿ.ಮೀ., ಕೆಲವು 24 ಮಿ.ಮೀ. ದೊಡ್ಡ ಹೀಟರ್‌ಗಳಲ್ಲಿ 38 ಮಿ.ಮೀ.ವರೆಗೂ ಹೋಗುತ್ತದೆ. 22ರ ಬಾಯಿಗೆ 24ರ ಪೈಪು ತೂರಿಸಿ, ಕ್ಲಾಂಪನ್ನು ಕಚ್ಚಿಸಿ ಬಿಗಿ ಮಾಡಿದರೆ ಆಯಿತು ಎಂದು ಅನಿಸುವುದು ಸಹಜ. ಆದರೆ ಬಿಗಿಯುವಾಗ ಪೈಪಿನ ಒಂದು ಕಡೆ ಮಡಿಕೆ ಬೀಳುತ್ತದೆ, ಆ ಮಡಿಕೆಯೇ ಹೊಗೆಗೆ ದಾರಿ. ಸರಿಯಾದ ಅಡಾಪ್ಟರ್ ತರಿಸಿ.

ಹೊಗೆ ಎಲ್ಲಿ ಹೊರಬೀಳಬೇಕು

ಕೆಲಸ ಶುರುವಾಗುವುದು ಹೀಟರ್ ಕಡೆಯಿಂದ ಅಲ್ಲ, ಹೊರಗಡೆಯಿಂದ. ಹೊಗೆ ಬಾಯಿ ಎಲ್ಲಿ ಅಂತ ತೀರ್ಮಾನ ಆಗದೆ ಹೀಟರನ್ನು ಎಲ್ಲೂ ಕೂರಿಸಬೇಡಿ.

ಬೋಟಿನ ಮೈ ಮೇಲೆ ನೀರಿನ ಗೆರೆಯಿಂದ ಆದಷ್ಟೂ ಎತ್ತರದ ಜಾಗ ಹುಡುಕಿ. ಖಾಲಿ ಬೋಟಿನ ಗೆರೆ ನೋಡಿ ಅಳೆಯಬೇಡಿ. ನೀರು, ಡೀಸೆಲ್, ಜನ, ಸಾಮಾನು ಎಲ್ಲ ತುಂಬಿದಾಗ ಗೆರೆ ಎಲ್ಲಿಗೆ ಬರುತ್ತದೆ ಎಂಬುದು ಲೆಕ್ಕ. ಹಾಯಿ ಬೋಟಾದರೆ ಒಂದು ಪಕ್ಕಕ್ಕೆ ವಾಲಿದಾಗ ಆ ಬಾಯಿ ಮುಳುಗುತ್ತದಾ ಎಂದೂ ನೋಡಬೇಕು. ಅದಕ್ಕೇ ತುಂಬಾ ಜನ ಹಿಂಬದಿಯ ಗೋಡೆಯನ್ನೇ ಆರಿಸಿಕೊಳ್ಳುತ್ತಾರೆ. ಹಿಂದೆ ಆದರೆ ವಾಲುವಾಗ ಮುಳುಗುವ ಭಯ ಕಡಿಮೆ. ಆದರೆ ಹಿಂದಿನಿಂದ ಬರುವ ಅಲೆ ನೇರವಾಗಿ ಬಾಯಿಗೇ ಹೊಡೆಯುತ್ತದೆ. ಎರಡರಲ್ಲಿ ಯಾವುದೂ ಪೂರ್ತಿ ಒಳ್ಳೆಯದಲ್ಲ. ಯಾವ ಜಾಗ ಆದರೂ ಒಳಗೆ ಪೈಪನ್ನು ಮೇಲೇರಿಸಿ ಇಳಿಸುವುದು ಮಾತ್ರ ತಪ್ಪದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇನ್ನು ಹತ್ತಿರ ಏನೇನು ಇರಬಾರದು ಎಂಬುದು. ತೆರೆಯುವ ಕಿಟಕಿ, ಹ್ಯಾಚ್ (ಡೆಕ್ಕಿನಲ್ಲಿ ತೆರೆಯುವ ಬಾಗಿಲು), ಗಾಳಿ ಎಳೆಯುವ ಯಾವುದೇ ಬಾಯಿ, ಡೀಸೆಲ್ ತುಂಬುವ ಮುಚ್ಚಳ, ಟ್ಯಾಂಕಿನ ವೆಂಟ್, ಗ್ಯಾಸ್ ಸಿಲಿಂಡರ್ ಲಾಕರ್‌ನ ಡ್ರೇನ್, ಇವುಗಳಿಂದೆಲ್ಲ ದೂರ. ಜೆಟ್ಟಿಗೆ ಬೋಟು ಉಜ್ಜದಂತೆ ತಡೆಯುವ ಫೆಂಡರ್ ನೇತು ಹಾಕುವ ಜಾಗದಲ್ಲಿ ಬೇಡ, ರಬ್ಬರ್ ಕರಗುತ್ತದೆ. ಹಗ್ಗ ಕಟ್ಟುವ ಜಾಗದಲ್ಲೂ ಬೇಡ. ಜೆಟ್ಟಿಗೆ ಯಾವ ಪಕ್ಕವನ್ನು ಹಚ್ಚಿ ನಿಲ್ಲಿಸುತ್ತೀರಿ ಎಂಬುದನ್ನೂ ಯೋಚಿಸಿ. ಗೋಡೆಗೆ ಒಂದು ಅಡಿ ದೂರದಲ್ಲಿ ಹೊಗೆ ಬಿಟ್ಟರೆ ಅದು ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಹಿಂಬದಿಗೆ ಬಿಟ್ಟಾಗಲೂ ಒಂದು ತೊಂದರೆ ಇದೆ. ಹಿಂದಿನಿಂದ ಗಾಳಿ ಬೀಸಿದರೆ ಹೊಗೆ ಜನ ಕೂರುವ ಜಾಗಕ್ಕೆ, ಅಲ್ಲಿಂದ ತೆರೆದ ಬಾಗಿಲಿನ ಮೂಲಕ ಕ್ಯಾಬಿನ್ ಒಳಗೆ ನುಗ್ಗುತ್ತದೆ. ಹೊರಗೆ ಮಳೆ, ಮೇಲೆ ಕ್ಯಾನ್ವಾಸ್ ಹೊದಿಕೆ ಇಳಿಬಿಟ್ಟಿದ್ದರಂತೂ ಹೊಗೆ ಅದರೊಳಗೇ ನಿಲ್ಲುತ್ತದೆ.

ಬಾಯಿ ಮುಂದಕ್ಕೆ ಮುಖ ಮಾಡಿರಬಾರದು. ಹಿಂದಕ್ಕೆ ಅಥವಾ ಸ್ವಲ್ಪ ಕೆಳಕ್ಕೆ ವಾಲಿದ್ದರೆ ಸಾಕು. ಎಂಜಿನ್‌ನ ನೀರು ಬೆರೆತ ಎಕ್ಸಾಸ್ಟ್ ಹೇಗೂ ಇದೆಯಲ್ಲ, ಅದಕ್ಕೇ ಹೀಟರ್ ಪೈಪನ್ನು ಸೇರಿಸಿಬಿಟ್ಟರೆ ಹೊಸ ತೂತು ಕೊರೆಯುವುದು ತಪ್ಪುತ್ತದೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಖಂಡಿತ ಬೇಡ. ಎಂಜಿನ್ ಹೊಗೆ, ನೀರು ಎರಡೂ ಹೀಟರ್ ಒಳಗೆ ಹೋಗುತ್ತವೆ. ಎರಡು ಹೀಟರ್ ಇದ್ದರೂ ಒಂದಕ್ಕೊಂದು ಬೇರೆ ಬೇರೆ ಪೈಪೇ ಬೇಕು.

ಮೇಲೇರಿಸಿ ಇಳಿಸುವ ಬಾಗು, ಮತ್ತು ನೀರು

ಎಕ್ಸಾಸ್ಟ್ ಪೈಪಿಗೆ ನೀರು ಎರಡು ಕಡೆಯಿಂದ ಬರುತ್ತದೆ. ಹೊರಗಿನಿಂದ ಅಲೆ, ಮಳೆ, ಡೆಕ್ ತೊಳೆದ ನೀರು. ಒಳಗಿನಿಂದ ಡೀಸೆಲ್ಲೇ. ಹೌದು, ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಡೀಸೆಲ್ಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು ಇದು. ಪೈಪು ಬಿಸಿಯಾಗಿರುವಾಗ ಆವಿಯಾಗಿ ಹೊರಗೆ ಹೋಗುತ್ತದೆ. ಹೀಟರ್ ಆಗಷ್ಟೇ ಶುರುವಾದಾಗ, ಅಥವಾ ಪೈಪು ತುಂಬ ಉದ್ದವಿದ್ದಾಗ, ಒಂದಿಷ್ಟು ತಣ್ಣಗಾಗಿ ಪೈಪಿನೊಳಗೇ ಹನಿಗಟ್ಟುತ್ತದೆ. ಆ ನೀರು ಸ್ವಲ್ಪ ಹುಳಿ, ಅಂದರೆ ಆಮ್ಲದ ಗುಣದ್ದು. ನಿಂತ ಜಾಗದಲ್ಲಿ ಪೈಪನ್ನು ಒಳಗಿನಿಂದ ತಿನ್ನುತ್ತದೆ.

ಈ ಎರಡೂ ನೀರಿಗೆ ಉತ್ತರ ಪೈಪಿನ ಆಕಾರದಲ್ಲಿದೆ. ಹೀಟರ್‌ನಿಂದ ಹೊರಟ ಪೈಪು ಮೊದಲು ಸ್ವಲ್ಪ ಕೆಳಗಿಳಿಯಲಿ. ಅಲ್ಲಿ ಇಡೀ ಪೈಪಿನ ಅತಿ ತಗ್ಗಿನ ಜಾಗ ಇರಲಿ, ಅದು ಹೀಟರ್‌ನ ಬಾಯಿಗಿಂತ ಕೆಳಗೇ ಇರಬೇಕು. ಅಲ್ಲಿಂದ ಪೈಪು ಡೆಕ್ಕಿನ ತಳಕ್ಕೆ ಆದಷ್ಟು ಹತ್ತಿರ ಏರಲಿ. ಆಮೇಲೆ ಬಾಗಿ, ಇಳಿಜಾರಾಗಿ ಸ್ಕಿನ್ ಫಿಟ್ಟಿಂಗ್‌ಗೆ ಬರಲಿ. ಹೊರಗಿನಿಂದ ನುಗ್ಗಿದ ನೀರು ಆ ಏರನ್ನು ಹತ್ತಲಾರದೆ ವಾಪಸ್ ಹೊರಗೇ ಹರಿಯುತ್ತದೆ. ಒಳಗೆ ಹನಿಗಟ್ಟಿದ ನೀರು ಬಾಗಿನ ಈಚೆಗಿದ್ದರೆ ತಗ್ಗಿನ ಜಾಗಕ್ಕೆ ಇಳಿಯುತ್ತದೆ, ಹೀಟರ್ ಕಡೆಗೆ ಹೋಗುವುದಿಲ್ಲ. ಬಾಗು ಎಷ್ಟು ಎತ್ತರ ಇದ್ದಷ್ಟೂ ಒಳ್ಳೆಯದು. ಜಾಗ ಇಲ್ಲ ಎಂದು ಅಂಗೈಯಗಲ ಏರಿಸಿ ಇಳಿಸಿದರೆ ಸಮುದ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ.

ತಗ್ಗಿನ ಜಾಗದಲ್ಲಿ ಡ್ರೇನ್ ಫಿಟ್ಟಿಂಗ್ ಹಾಕಿ. ಅದರ ತುದಿಗೆ ತಿರುಪಿ ಬಿಗಿಯುವ ಮುಚ್ಚಳ ಇರಲಿ. ಹೀಟರ್ ಆರಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು, ಕೆಳಗೆ ಒಂದು ಡಬ್ಬಿ ಹಿಡಿದು ನೀರು ಬಸಿಯಬೇಕು, ಮತ್ತೆ ಬಿಗಿಯಾಗಿ ಮುಚ್ಚಬೇಕು. ತೆರೆದ ಸಣ್ಣ ಟ್ಯೂಬನ್ನು ಬಿಲ್ಜ್‌ಗೆ, ಅಂದರೆ ಬೋಟಿನ ಒಳತಳಕ್ಕೆ, ಇಳಿಬಿಡುವವರಿದ್ದಾರೆ. ಆ ಟ್ಯೂಬಿನಲ್ಲಿ ನೀರು ಇಳಿಯುವ ಹಾಗೆಯೇ ಹೊಗೆಯೂ ಇಳಿಯುತ್ತದೆ ಎಂಬುದನ್ನು ಮರೆತಿರುತ್ತಾರೆ.

ಉದ್ದ ಎಷ್ಟಿರಬಹುದು? ಪ್ರತಿ ಹೀಟರ್‌ನ ಕೈಪಿಡಿಯಲ್ಲೂ ಎರಡು ಮಿತಿ ಕೊಟ್ಟಿರುತ್ತಾರೆ. ಒಂದು ಪೈಪಿನ ಒಟ್ಟು ಉದ್ದ, ಇನ್ನೊಂದು ಎಲ್ಲ ಬಾಗುಗಳ ಡಿಗ್ರಿ ಕೂಡಿಸಿದಾಗ ಬರುವ ಒಟ್ಟು. ಮೇಲೇರಿಸಿ ಇಳಿಸುವ ಬಾಗು ಒಂದೇ 180 ಡಿಗ್ರಿಯಷ್ಟು ನುಂಗಿಬಿಡುತ್ತದೆ, ಹಾಗಾಗಿ ಉಳಿದ ದಾರಿ ಆದಷ್ಟೂ ನೇರ ಇರಲಿ. ಉದ್ದ ಮಿತಿ ಮೀರಿದರೆ ಹೊಗೆ ಹೊರಗೆ ತಳ್ಳಲು ಹೀಟರ್‌ನ ಫ್ಯಾನ್‌ಗೆ ಕಷ್ಟ, ಬೆಂಕಿಗೆ ಗಾಳಿ ಸಾಲದು, ಮಸಿ ಕಟ್ಟಲು ಶುರು. ಆಗ ಪೈಪನ್ನು ಉದ್ದ ಮಾಡುವ ಬದಲು ಹೀಟರನ್ನೇ ಹೊಗೆ ಬಾಯಿಯ ಹತ್ತಿರಕ್ಕೆ ತನ್ನಿ. ಬಿಸಿ ಗಾಳಿಯ ಡಕ್ಟ್ ಉದ್ದ ಆದರೆ ಸ್ವಲ್ಪ ಶಾಖ ನಷ್ಟ ಅಷ್ಟೇ.

ತೂತು ಕೊರೆಯುವುದು

ಬೋಟಿನ ಮೈಗೆ ತೂತು ಹಾಕುವಾಗ ಎಲ್ಲರಿಗೂ ಕೈ ಸ್ವಲ್ಪ ನಡುಗುತ್ತದೆ. ನಡುಗಲಿ ಬಿಡಿ, ಆಗಲಾದರೂ ಎರಡು ಸಲ ಅಳೆಯುತ್ತೀರಿ.

ಒಳಗಿನಿಂದ ಮೊದಲು ನೋಡಿ. ಅಲ್ಲಿ ಪಕ್ಕೆಲುಬಿನಂಥ ಅಡ್ಡ ತೊಲೆ ಇದೆಯಾ, ವೈರ್ ಹೋಗಿದೆಯಾ, ನಟ್ ತಿರುಗಿಸಲು ಸ್ಪ್ಯಾನರ್ ಆಡುತ್ತದೆಯಾ. ಸರಿ ಎನಿಸಿದರೆ ಒಳಗಿನಿಂದ ಹೊರಕ್ಕೆ ಒಂದು ಸಣ್ಣ ತೂತು ಹಾಕಿ. ಹೊರಗೆ ಬಂದು ಅದು ಎಲ್ಲಿ ಬಿತ್ತು ನೋಡಿ. ಜಾಗ ಸರಿ ಇದ್ದರೆ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಡ್ರಿಲ್ಲಿಗೆ ಹೋಲ್ ಸಾ (ದುಂಡು ಗರಗಸ) ಹಾಕಿ ಹೊರಗಿನಿಂದ ಕೊರೆಯಿರಿ. ಫೈಬರ್ ಬೋಟಾದರೆ ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಹೊಳಪಿನ ಮೇಲ್ಪದರದಲ್ಲಿ ಒಂದು ಗೆರೆ ಬೀಳುವಷ್ಟು ಉಜ್ಜಿ, ಆಮೇಲೆ ಸರಿಯಾದ ದಿಕ್ಕಿಗೆ ತಿರುಗಿಸಿ. ಹೀಗೆ ಮಾಡಿದರೆ ಅಂಚು ಚಕ್ಕೆ ಏಳುವುದಿಲ್ಲ. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಫೈಬರ್ ಧೂಳು ಮೈಗೆ ತಾಗಿದರೆ ಇಡೀ ದಿನ ಕೆರೆತ.

ತೂತಿನಿಂದ ಬಂದ ಬಿಲ್ಲೆಯನ್ನು ಎಸೆಯುವ ಮೊದಲು ಪಕ್ಕದಿಂದ ನೋಡಿ. ಪೂರ್ತಿ ಗಟ್ಟಿ ಫೈಬರ್ ಇದ್ದರೆ ಚಿಂತೆಯಿಲ್ಲ. ಮಧ್ಯದಲ್ಲಿ ಬಾಲ್ಸಾ ಮರ ಅಥವಾ ಫೋಮ್ ಕಂಡರೆ ಆ ಪದರವನ್ನು ತೂತಿನ ಸುತ್ತ ಒಂದು ಸೆಂಟಿಮೀಟರಿನಷ್ಟು ಕೆದಕಿ ತೆಗೆದು, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಬೇಕು. ಇಲ್ಲವಾದರೆ ನೀರು ಒಳಗಿಳಿದು ಬಾಲ್ಸಾ ಕೊಳೆಯುತ್ತದೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಕೈಯಲ್ಲಿ ಕಲಸಿ ಹಚ್ಚುವ ಸಾಮಾನ್ಯ ಎಪಾಕ್ಸಿ 60 ಡಿಗ್ರಿ ಸುತ್ತಮುತ್ತ ಬಂದರೇ ಮೆತ್ತಗಾಗತೊಡಗುತ್ತದೆ. ಹೀಟರ್‌ನಿಂದ ಹೊರಡುವ ಹೊಗೆಯೋ ನೂರಾರು ಡಿಗ್ರಿ ಬಿಸಿ. ಅದಕ್ಕೇ ಫೈಬರ್ ಅಥವಾ ಮರದ ಬೋಟಿಗೆ ಎರಡು ಗೋಡೆಯ ಸ್ಕಿನ್ ಫಿಟ್ಟಿಂಗೇ ಬೇಕು. ಅದರಲ್ಲಿ ಒಳಗಿನ ಬಿಸಿ ಕೊಳವೆಗೂ ಹೊರಗಿನ ಬಳೆಗೂ ನಡುವೆ ಗಾಳಿಯ ಸಂದು ಇರುತ್ತದೆ. ಒಂದೇ ಗೋಡೆಯದು ಅಗ್ಗ ಅಂತ ಹಾಕಿದರೆ ಸುತ್ತಲಿನ ಮೇಲ್ಪದರ ಹಳದಿಗಟ್ಟಿ ಬಿರುಕು ಬಿಡುತ್ತದೆ. ಫಿಟ್ಟಿಂಗ್ ಕೂರಿಸಲು ಮಾಮೂಲಿ ಪಾಲಿಯುರೆಥೇನ್ ಸೀಲಂಟ್ ಸಾಲದು, ಬಿಸಿ ತಡೆಯುವ ಸಿಲಿಕೋನ್ ಹಚ್ಚಿ, ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ.

ಉಕ್ಕಿನ ಬೋಟಿನವರಿಗೆ ಬಿಸಿಯ ಚಿಂತೆ ಕಡಿಮೆ, ಬಣ್ಣ ಸುಟ್ಟರೆ ತುಕ್ಕಿನ ಚಿಂತೆ ಇದೆ. ಅಲ್ಯೂಮಿನಿಯಂ ಬೋಟಾದರೆ ಸ್ಟೇನ್‌ಲೆಸ್ ಫಿಟ್ಟಿಂಗ್ ನೇರವಾಗಿ ಮೈಗೆ ತಾಗಬಾರದು. ಉಪ್ಪುನೀರು ಬಿದ್ದರೆ ಎರಡು ಲೋಹದ ನಡುವೆ ಕರೆಂಟ್ ಹುಟ್ಟಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ಬಿಸಿ ತಡೆಯುವ ಗ್ಯಾಸ್ಕೆಟ್ ಇರಲಿ, ಬೋಲ್ಟ್‌ಗಳಿಗೂ ತೋಳು ತೊಡಿಸಿ.

ಪೈಪು ಕತ್ತರಿಸಿ ಜೋಡಿಸುವುದು

ದಾರಿ ಗೊತ್ತಾದ ಮೇಲೆ ಒಂದು ದಪ್ಪ ಹಗ್ಗವನ್ನೋ ಹಳೆಯ ಹೋಸ್ ಪೈಪನ್ನೋ ಆ ದಾರಿಯಲ್ಲಿ ಇಟ್ಟು ಉದ್ದ ಅಳೆಯಿರಿ. ಎಕ್ಸಾಸ್ಟ್ ಪೈಪನ್ನೇ ಬಾಗಿಸಿ ಬಾಗಿಸಿ ಪ್ರಯೋಗ ಮಾಡಬೇಡಿ. ಸುಕ್ಕಿನ ಪೈಪು ಒಂದೆರಡು ಸಲ ಬಾಗಿಸಲು ಒಗ್ಗುತ್ತದೆ. ಅದೇ ಜಾಗದಲ್ಲಿ ಹತ್ತಾರು ಸಲ ಬಾಗಿಸಿ ನೆಟ್ಟಗೆ ಮಾಡಿದರೆ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಬಾಗು ದೊಡ್ಡದಾಗಿರಲಿ, ಮಂಡಿ ಮಡಚಿದ ಹಾಗೆ ಚೂಪಾಗಿ ಬೇಡ.

ಕತ್ತರಿಸುವ ಜಾಗಕ್ಕೆ ಟೇಪನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ಟೇಪಿನ ನಡುವೆ ಸಣ್ಣ ಹಲ್ಲಿನ ಹ್ಯಾಕ್ಸಾದಿಂದ ಕುಯ್ಯಿರಿ. ತುದಿ ಬಿಚ್ಚಿಕೊಳ್ಳುವುದಿಲ್ಲ. ಅಂಚನ್ನು ಅರ ಹಾಕಿ ನುಣುಪು ಮಾಡಿ, ಒಳಗಿನ ಲೋಹದ ಪುಡಿ ಕೊಡವಿ. ಲ್ಯಾಗಿಂಗ್ ಚೀಲವನ್ನು ಈಗಲೇ ಪೈಪಿಗೆ ತೂರಿಸಿ ಮಧ್ಯಕ್ಕೆ ತಳ್ಳಿಡಿ. ಎರಡೂ ತುದಿ ಜೋಡಿಸಿದ ಮೇಲೆ ಚೀಲ ತೊಡಿಸಲು ದಾರಿಯೇ ಇರುವುದಿಲ್ಲ. ಕ್ಲಾಂಪ್‌ಗಳೂ ಹಾಗೇ, ಮೊದಲೇ ತೂರಿಸಿಡಬೇಕು.

ಹೀಟರ್ ಬಾಯಿಯನ್ನು ಸ್ಕ್ರಬ್ಬರ್‌ನಿಂದ ಉಜ್ಜಿ ಸ್ವಚ್ಛ ಮಾಡಿ, ಎಕ್ಸಾಸ್ಟ್ ಪೇಸ್ಟ್ ತೆಳ್ಳಗೆ ಹಚ್ಚಿ. ಪೈಪನ್ನು ಬಾಯಿಯ ಬುಡ ಮುಟ್ಟುವವರೆಗೆ ತಿರುಗಿಸುತ್ತಾ ತಳ್ಳಿ. ಕ್ಲಾಂಪ್ ಬಾಯಿಯ ಮೇಲಿರುವ ಭಾಗದಲ್ಲೇ ಕೂರಬೇಕು, ಅದರಾಚೆ ಖಾಲಿ ಪೈಪಿನ ಮೇಲೆ ಕೂತರೆ ಪೈಪು ಚಪ್ಪಟೆಯಾಗುತ್ತದೆ ಅಷ್ಟೇ. ಕ್ಲಾಂಪಿನ ಸ್ಕ್ರೂ ತಲೆ ನಿಮ್ಮ ಕಡೆಗೆ ಇರಲಿ. ಗೋಡೆ ಕಡೆ ತಿರುಗಿದ ಸ್ಕ್ರೂವನ್ನು ಮುಂದೆ ಯಾರೂ ಬಿಗಿ ಮಾಡುವುದಿಲ್ಲ.

ಜಾಯಿಂಟ್‌ಗಳು ಎಷ್ಟು ಕಡಿಮೆಯೋ ಅಷ್ಟು ನೆಮ್ಮದಿ. ನನ್ನ ಪ್ರಕಾರ ಸೈಲೆನ್ಸರ್ ಬೇಕೇ ಬೇಕು ಎಂದೇನಿಲ್ಲ. ಅದು ಎರಡು ಜಾಯಿಂಟ್ ಸೇರಿಸುತ್ತದೆ. ಆದರೆ ಸೈಲೆನ್ಸರ್ ಇಲ್ಲದ ಹೀಟರ್ ಹೊರಗಿನಿಂದ ಕೇಳಿದರೆ ಪುಟ್ಟ ಜೆಟ್ ವಿಮಾನದ ಹಾಗೆ ಭೊರ್ರೆನ್ನುತ್ತದೆ. ಪಕ್ಕದ ಬೋಟಿನವರು ರಾತ್ರಿ ಎದ್ದು ಬಂದರೆ ಆಶ್ಚರ್ಯವಿಲ್ಲ. ಹಾಕಿದರೆ ಅದರ ಮೇಲಿನ ಬಾಣದ ಗುರುತು ಹೊಗೆ ಹೋಗುವ ದಿಕ್ಕಿಗಿರಲಿ, ಒಳಗೆ ನೀರು ನಿಲ್ಲದ ಹಾಗೆ ವಾಲಿರಲಿ.

ಪೈಪನ್ನು ಅರ್ಧ ಮೀಟರಿಗೊಂದು ಲೋಹದ ಕ್ಲಿಪ್ ಹಾಕಿ ಹಿಡಿಸಿ. ಪ್ಲಾಸ್ಟಿಕ್ ಟೈ ಬೇಡ. ಒಳಗೋಡೆ ದಾಟಿಸುವಾಗ ಪೈಪಿಗಿಂತ ಸಾಕಷ್ಟು ದೊಡ್ಡ ತೂತು ಹಾಕಿ, ಲೋಹದ ತಟ್ಟೆಯ ನಡುವೆ ಹಾಯಿಸಿ. ಮರಕ್ಕೆ ತಾಗಬಾರದು. ಡೀಸೆಲ್ ಹೋಸ್, ವೈರ್, ನೀರಿನ ಪ್ಲಾಸ್ಟಿಕ್ ಪೈಪು ಇವು ಎಕ್ಸಾಸ್ಟ್ ಮೇಲೆ ಹಾದು ಹೋಗದಂತೆ ಕಟ್ಟಿ. ಇಂದು ದೂರ ಇದ್ದ ವೈರ್ ನಾಳೆ ಬೋಟು ಕುಲುಕಿದಾಗ ಜಾರಿ ಪೈಪಿನ ಮೇಲೆ ಮಲಗುತ್ತದೆ.

ಹೀಟರ್ ಕೂರುವ ಬುಡದಲ್ಲಿರುವ ಗ್ಯಾಸ್ಕೆಟ್ಟನ್ನೂ ನೋಡಿ. ಅದು ಮಡಚಿಕೊಂಡಿದ್ದರೆ ಬದಲಿಸಿ.

ಸುತ್ತುವ ಮೊದಲು ಸೋರಿಕೆ ನೋಡಿ

ಲ್ಯಾಗಿಂಗ್ ಎಳೆದು ಜಾಯಿಂಟ್ ಮುಚ್ಚಿದ ಮೇಲೆ ಸೋರಿಕೆ ಹುಡುಕುವುದು ವ್ಯರ್ಥ ಪ್ರಯತ್ನ. ಈಗಲೇ ನೋಡಬೇಕು.

ಹೀಟರ್ ಕಡೆಯ ತುದಿಯನ್ನು ಕಳಚಿ, ಅಲ್ಲಿಗೆ ಒಂದು ರಬ್ಬರ್ ಬಿರಡೆ ಹಾಕಿ ಅದರ ಮೂಲಕ ಕೈ ಪಂಪಿನ ಟ್ಯೂಬ್ ತೂರಿಸಿ. ಹೊರಗಿನ ಬಾಯಿಗೆ ಇನ್ನೊಂದು ಬಿರಡೆ. ಡ್ರೇನ್ ಮುಚ್ಚಿರಲಿ. ಮೆಲ್ಲಗೆ ಗಾಳಿ ತುಂಬುತ್ತಾ ಪ್ರತಿ ಜಾಯಿಂಟಿಗೂ ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚಿ. ಗುಳ್ಳೆ ಎದ್ದ ಜಾಗ ಸೋರುತ್ತಿದೆ. ಪೈಪಿನ ಬಾಗುಗಳಿಗೂ ಹಚ್ಚಿ ನೋಡಿ. ಹೀಟರ್ ಜೋಡಿಸಿಕೊಂಡೇ ಗಾಳಿ ತುಂಬಬೇಡಿ, ಅದರೊಳಗಿನ ಭಾಗಗಳು ಈ ಒತ್ತಡಕ್ಕಲ್ಲ. ಆ ಕೊನೆಯ ಜಾಯಿಂಟನ್ನು ಹೀಟರ್ ಉರಿಸಿದಾಗ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರ್ ಹಿಡಿದು ನೋಡಬೇಕಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಹೊರಗಿನ ಬಿರಡೆ ತೆಗೆಯಲು ಮರೆಯಬೇಡಿ, ಹೀಟರ್ ಶುರುವಾಗುವುದೇ ಇಲ್ಲ.

ಎಲ್ಲ ಸರಿ ಇದ್ದರೆ ಲ್ಯಾಗಿಂಗನ್ನು ಎರಡೂ ತುದಿಗೆ ಎಳೆದು ಸ್ಟೇನ್‌ಲೆಸ್ ತಂತಿಯಿಂದ ಕಟ್ಟಿ. ಬರಿ ಲೋಹ ಎಲ್ಲೂ ಕಾಣಬಾರದು. ಲ್ಯಾಗಿಂಗ್ ಮೇಲೂ ಕೈ ಸುಡುವಷ್ಟು ಬಿಸಿ ಬರುತ್ತದೆ, ಹಾಗಾಗಿ ಲಾಕರ್‌ನಲ್ಲಿ ಲೈಫ್ ಜಾಕೆಟ್, ಬಟ್ಟೆ, ಹಾಯಿ ಚೀಲ ಅದಕ್ಕೆ ಒರಗದಂತೆ ತೂತಿನ ತಗಡಿನ ಒಂದು ಅಡ್ಡ ಗೋಡೆ ನಿಲ್ಲಿಸಿ. ಹಳೆಯ ಬೋಟಿನಲ್ಲಿ ಹಿಂದಿನ ಹೀಟರ್‌ನ ಪೈಪಿಗೆ ಬೂದು ಬಿಳಿ ಬಣ್ಣದ ಹಗ್ಗದಂಥದ್ದು ಸುತ್ತಿದ್ದರೆ ಕೀಳಬೇಡಿ. ಅದು ಆಸ್ಬೆಸ್ಟಾಸ್ ಇರಬಹುದು, ಗೊತ್ತಿರುವವರಿಂದ ತೆಗೆಸಿ.

ಉರಿಗೆ ಬೇಕಾದ ಗಾಳಿ

ಹೀಟರ್‌ಗೆ ಎರಡು ಗಾಳಿ ದಾರಿ ಇವೆ. ಕ್ಯಾಬಿನ್ ಬಿಸಿ ಮಾಡುವ ಗಾಳಿ ಬೇರೆ, ಡೀಸೆಲ್ ಉರಿಯಲು ಬೇಕಾದ ಗಾಳಿ ಬೇರೆ. ಉರಿಯ ಗಾಳಿಯ ಪೈಪನ್ನು ಹೊರಗಿನಿಂದ, ಅಥವಾ ಹೊರಗಾಳಿ ಧಾರಾಳವಾಗಿ ಬರುವ ಲಾಕರ್‌ನಿಂದ ಎಳೆಯಿರಿ. ಅದರ ಬಾಯಿ ಹೊಗೆ ಬಾಯಿಯಿಂದ ದೂರ ಇರಲಿ. ತನ್ನ ಹೊಗೆಯನ್ನು ತಾನೇ ಉಸಿರಾಡುವ ಹೀಟರ್ ಬೇಗ ಮಸಿ ಕಟ್ಟುತ್ತದೆ. ಕ್ಯಾಬಿನ್‌ಗೆ ಹೋಗುವ ಗಾಳಿಯನ್ನು ಎಂಜಿನ್ ಕೋಣೆಯಿಂದ ಯಾವತ್ತೂ ಎಳೆಯಬೇಡಿ. ಪೆಟ್ರೋಲ್ ಎಂಜಿನ್ ಇರುವ ಬೋಟಾದರೆ ಹೀಟರಾಗಲಿ, ಅದರ ಗಾಳಿ ಪೈಪಾಗಲಿ ಎಂಜಿನ್ ಅಥವಾ ಟ್ಯಾಂಕ್ ಇರುವ ಕೋಣೆಯಲ್ಲಿ ಇರಲೇಬಾರದು.

ಮೊದಲ ಸಲ ಉರಿಸುವಾಗ

ಹ್ಯಾಚ್, ಕಿಟಕಿ ಎಲ್ಲ ತೆರೆದಿಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮೊದಲೇ ಗೋಡೆಯಲ್ಲಿರಬೇಕು. ಬೋಟು, ಕ್ಯಾರವಾನ್‌ಗಳಿಗೆ ಇಎನ್ 50291-2 ಎಂಬ ಯುರೋಪಿನ ಮಾನದಂಡದ ಅಲಾರಂ ಕೊಳ್ಳಿ. ಕೊನೆಯ ಅಂಕಿ 1 ಇದ್ದರೆ ಅದು ಮನೆಗೆಂದು ಮಾಡಿದ್ದು, ಕುಲುಕಾಟಕ್ಕೆ ಪರೀಕ್ಷೆ ಆಗಿರುವುದಿಲ್ಲ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಮಲಗುವ ಪ್ರತಿ ಕ್ಯಾಬಿನ್‌ಗೂ ಒಂದೊಂದು ಇರಲಿ. ಹಿಂಭಾಗದಲ್ಲಿ ಸೆನ್ಸರ್‌ನ ಅವಧಿ ಮುಗಿಯುವ ದಿನ ಬರೆದಿರುತ್ತದೆ, ನೋಡಿ.

ಹೀಟರ್ ಶುರುವಾಗುವಾಗ ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್ ಬಿಸಿಯಾಗಲು ಬ್ಯಾಟರಿಯಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಮೇಲೆ ಹೊರಗೆ ಸ್ವಲ್ಪ ಬಿಳಿ ಹೊಗೆ ಬರುತ್ತದೆ. ಅದು ಉರಿಯದ ಡೀಸೆಲ್, ಕೆಲವೇ ನಿಮಿಷದಲ್ಲಿ ಮಾಯವಾಗಬೇಕು. ಲ್ಯಾಗಿಂಗ್‌ನಿಂದಲೂ ಮೊದಲ ಸಲ ಹೊಗೆ, ಸುಟ್ಟ ವಾಸನೆ ಬರುತ್ತದೆ. ಅದರಲ್ಲಿ ಹಚ್ಚಿದ ಅಂಟು ಸುಡುತ್ತಿರುವುದು ಅಷ್ಟೇ. ಪೂರ್ತಿ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ಮೀಟರ್ ಹಿಡಿದು ಪ್ರತಿ ಜಾಯಿಂಟ್ ಹತ್ತಿರ ಹೋಗಿ. ಅದು ಸೊನ್ನೆ ಬಿಟ್ಟು ಏನೇ ತೋರಿಸಿದರೂ ಹೀಟರ್ ಆರಿಸಿ ಕಾರಣ ಹುಡುಕಿ. ಸ್ಕಿನ್ ಫಿಟ್ಟಿಂಗ್ ಸುತ್ತ ಹೊರಗಿನಿಂದ ಕೈ ಹತ್ತಿರ ತಂದು ಬಿಸಿ ಎಷ್ಟಿದೆ ನೋಡಿ, ಬಣ್ಣ ಬದಲಾಗುತ್ತಿದೆಯಾ ನೋಡಿ.

ಆರಿಸುವಾಗ ಬ್ಯಾಟರಿ ಸ್ವಿಚ್ ತಿರುಗಿಸಬೇಡಿ. ಕಂಟ್ರೋಲರ್‌ನಿಂದ ಆಫ್ ಮಾಡಿದ ಮೇಲೂ ಫ್ಯಾನ್ ಕೆಲವು ನಿಮಿಷ ಓಡಿ ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಕಟ್ ಮಾಡಿದರೆ ಆ ಬಿಸಿ ಹೀಟರ್ ಒಳಗೇ ನಿಂತು ಭಾಗಗಳು ಸುಡುತ್ತವೆ.

ಯಾವಾಗಲಾದರೂ ಅಲಾರಂ ಹೊಡೆದುಕೊಂಡರೆ, ಅದು ಸುಮ್ನೆ ಹೊಡೆದುಕೊಳ್ಳುತ್ತಿದೆ ಎಂದು ಬ್ಯಾಟರಿ ತೆಗೆಯಬೇಡಿ. ಎಲ್ಲರನ್ನೂ ಎಬ್ಬಿಸಿ ಡೆಕ್ ಮೇಲೆ ಕರೆತನ್ನಿ, ಹೋಗುತ್ತಾ ಹೀಟರ್ ಆಫ್ ಮಾಡಿ, ಹ್ಯಾಚ್ ತೆರೆಯಿರಿ. ತಲೆನೋವು, ವಾಕರಿಕೆ ಇದ್ದವರಿಗೆ ಡಾಕ್ಟರ್ ಬೇಕು.

ಆಮೇಲೆ ನೋಡಿಕೊಳ್ಳುವುದು

ಹೀಟರನ್ನು ಸದಾ ಸಣ್ಣ ಉರಿಯಲ್ಲೇ ಇಟ್ಟರೆ ಪೈಪು, ಬರ್ನರ್ ಎರಡೂ ಮಸಿ ಕಟ್ಟುತ್ತವೆ. ಆಗಾಗ, ಮುಖ್ಯವಾಗಿ ಆರಿಸುವ ಮೊದಲು, ಒಂದು ಕಾಲು ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ. ದೊಡ್ಡ ಅಲೆಯ ಪ್ರಯಾಣಕ್ಕೆ ಹೊರಡುವಾಗ ಹೊರಗಿನ ಬಾಯಿಗೆ ಮುಚ್ಚಳ ಹಾಕುವ ಅಭ್ಯಾಸ ಇದ್ದರೆ, ಆ ಮುಚ್ಚಳಕ್ಕೆ ಒಂದು ಕೆಂಪು ದಾರ ಕಟ್ಟಿಡಿ. ಮುಚ್ಚಳ ಬಾಯಿಯಲ್ಲಿಲ್ಲದಾಗ ಅದನ್ನು ಹೀಟರ್ ಕಂಟ್ರೋಲರ್‌ಗೆ ನೇತು ಹಾಕಿ. ಕಂಟ್ರೋಲರ್ ಖಾಲಿ ಕಂಡರೆ ಮುಚ್ಚಳ ಹೊರಗಿದೆ ಎಂದರ್ಥ.

ಚಳಿಗಾಲ ಶುರುವಾಗುವ ಮೊದಲು ವರ್ಷಕ್ಕೊಂದು ಸಲ ಲ್ಯಾಗಿಂಗನ್ನು ಜಾಯಿಂಟ್‌ಗಳಿಂದ ಹಿಂದಕ್ಕೆ ತಳ್ಳಿ ನೋಡಿ. ಕಪ್ಪು ಗೆರೆ ಕಂಡರೆ ಅಲ್ಲಿ ಹೊಗೆ ನುಸುಳಿದೆ. ಕ್ಲಾಂಪ್ ಬಿಗಿ ಮಾಡಿ, ಪೇಸ್ಟ್ ಹೊಸದಾಗಿ ಹಚ್ಚಿ. ಲ್ಯಾಗಿಂಗ್ ಒದ್ದೆ ಇದ್ದರೆ ನೀರು ಎಲ್ಲಿಂದ ಬಂತು ಎಂದು ಹುಡುಕಿ, ಒದ್ದೆ ಬಟ್ಟೆ ಸುತ್ತಿದ ಸ್ಟೇನ್‌ಲೆಸ್ ಕೂಡ ತುಕ್ಕು ಹಿಡಿಯುತ್ತದೆ. ತಗ್ಗಿನ ಜಾಗದಲ್ಲಿ ಪೈಪಿನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ. ಆಮ್ಲದ ನೀರು ನಿಲ್ಲುವುದು ಅಲ್ಲೇ ಆದ್ದರಿಂದ ಸೂಜಿ ಮೊನೆಯಷ್ಟು ತೂತುಗಳು ಮೊದಲು ಕಾಣಿಸಿಕೊಳ್ಳುವುದೂ ಅಲ್ಲೇ. ಒಂದು ತೂತು ಕಂಡರೂ ಪೇಸ್ಟ್ ಮೆತ್ತಿ, ತಗಡು ಸುತ್ತಿ ಸುಧಾರಿಸಲು ಹೋಗಬೇಡಿ. ಇಡೀ ಪೈಪನ್ನೇ ಬದಲಿಸಿ. ಹಳೆಯದನ್ನು ಬಾಗು ಕೆಡದ ಹಾಗೆ ಹೊರಗೆ ತೆಗೆದರೆ ಹೊಸದನ್ನು ಅದರ ಪಕ್ಕದಲ್ಲಿಟ್ಟು ಅಳತೆ ಮಾಡಿ ಕತ್ತರಿಸಬಹುದು.